ಬೆರಳುದ್ದದ ವೀರನ ಕತ್ತಿ

ದೊಡ್ಡವರ ಯುದ್ಧಕ್ಕೆ ಆಯುಧ ಒದಗಿಸುವುದು ಕಷ್ಟವೆನ್ನುವವರು ಒಮ್ಮೆ ಬೊಂಬೆಗಳ ಯುದ್ಧಕ್ಕೆ ಒದಗಿಸಿ ನೋಡಬೇಕು. ನನ್ನ ಮಗನಿಗೆ ಈ ಹುಚ್ಚು. ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆಗಳನ್ನು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಸೈನ್ಯ ನಡೆಸುತ್ತಾನೆ. ಈ ಆಟಕ್ಕೆ ನಿಯಮ ಬರೆದವರಲ್ಲಿ ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಒಬ್ಬ. ಇದನ್ನು ಆಡಿದವನಿಗೆ ನಿಜವಾದ ಯುದ್ಧದ ಅವಿವೇಕ ತಿಳಿದೀತೆಂದು 1913ರಲ್ಲಿ ಆತ ಬರೆದ. 1914ರಲ್ಲಿ ಮಹಾಯುದ್ಧವೇ ಬಂತು. ಆದ್ದರಿಂದ ಈ ಆಟದ ಬಗ್ಗೆ ನನಗೆ ಒಳಗೊಳಗೇ ಒಂದು ಅಳುಕು.

ಈಗ ಮಗನಿಗೆ ಬೇಕಾದವನು ಗಂಗರ ಕಾಲದ ಕಾಲಾಳು. ಬೊಂಬೆಯ ಎತ್ತರ 28 ಮಿಲಿಮೀಟರು. ಎಂದರೆ, ಆಳಿನ ಐವತ್ತಾರನೆಯ ಒಂದು ಪಾಲು, ಹೆಚ್ಚುಕಡಮೆ. ಎರಡೂವರೆ ಅಡಿಯ ಅಲಗು ಈ ಲೆಕ್ಕದಲ್ಲಿ 14 ಮಿಲಿಮೀಟರೂ ಆಗದು. ಪ್ಲಾಸ್ಟಿಕ್ ಬಿಡಿಭಾಗಗಳಲ್ಲಿ ರೋಮನರ ಗಿಡ್ಡ ಕತ್ತಿ, ವೈಕಿಂಗರ ನೇರ ಕತ್ತಿ, ನೆಪೋಲಿಯನ್ ಕಾಲದ ಬಾಗುಕತ್ತಿ ಬೇಕಾದಷ್ಟು ಸಿಗುತ್ತವೆ. ವೈಕಿಂಗನೂ ನಮ್ಮ ಗಂಗನೂ ಒಂದೇ ಕಾಲದವರು, ನಿಜ. ಆದರೆ ಹಿಡಿ ಬೇರೆ. ತಟ್ಟೆಯಂಥ ಹಿಡಿಕೆಯ ತಲವಾರು ನಮ್ಮ ದೇಶದ್ದೇ. ಆದರೆ ಮೊಗಲರ ಕಾಲದ್ದು. ಅದನ್ನು ಹತ್ತನೆಯ ಶತಮಾನದವನಿಗೆ ಕೊಡುವುದು ಪಂಪನ ಕೈಗೆ ಫೌಂಟನ್ ಪೆನ್ನು ಕೊಟ್ಟಂತೆ!

ಕಡೆಗೆ ನನ್ನ ಕಸುಬು ಅವನ ನೆರವಿಗೆ ಬಂತು. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಬೇಗೂರಿನ ಕಲ್ಲಿನ ಚಿತ್ರವನ್ನು ಅವನ ಮುಂದಿಟ್ಟೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಕಾಳಗ ಅದು. ನಮ್ಮ ಶಿಲ್ಪಿ ಸಾವಿರ ವರ್ಷದ ಹಿಂದೆಯೇ ಬೊಂಬೆಯ ಸೈನ್ಯ ಕಟ್ಟಿದ್ದಾನೆ. ಮಗ ಅದನ್ನು ನೋಡಿ ನೋಡಿ ಒಂದು ಗುಂಡುಸೂಜಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ. ಅರದಿಂದ ತಿಕ್ಕಿ ಅಲಗು ತೆಗೆದ. ಮುಷ್ಟಿಯಲ್ಲಿ ಸಣ್ಣ ತೂತು ಕೊರೆದು ಅಂಟಿಸಿದ. ಎಪಾಕ್ಸಿ ಮೇಣದಿಂದ ಹಿಡಿ ತಿದ್ದಿದ.

ತಿದ್ದುತ್ತಲೇ, “ಈ ಕಲ್ಲಿನ ಯುದ್ಧದಲ್ಲಿ ಗೆದ್ದವರು ಯಾರು?” ಎಂದು ಕೇಳಿದ. ಶಾಸನ ಹೇಳುವುದನ್ನು ಹೇಳಿದೆ: ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರ ವೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ, ಅವನ ಪದವಿ ಇರುಗನಿಗೆ ಹೋಯಿತು, ಜೊತೆಗೆ ಊರುಗಳೂ.

“ಇವನ ಹೆಸರು?” ಎಂದು ತನ್ನ ಕಾಲಾಳನ್ನು ಎತ್ತಿ ಹಿಡಿದ.

ದೊರೆಗಳ ಹೆಸರು, ನಾಯಕರ ಹೆಸರು ಕಲ್ಲಿನಲ್ಲಿವೆ. ಕತ್ತಿ ಹಿಡಿದ ಕಾಲಾಳುಗಳ ಹೆಸರಿಲ್ಲ. ಹಾಗೆಂದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಈ ಆಟದಲ್ಲಿ ಬಿದ್ದವರೆಲ್ಲ ಪಂದ್ಯ ಮುಗಿದ ಮೇಲೆ ಎದ್ದು ಪೆಟ್ಟಿಗೆ ಸೇರುತ್ತಾರೆ, ಕಲ್ಲಿನವರು ಏಳಲಿಲ್ಲ. ಅದು ಅವನಿಗೂ ಹೊಳೆಯಿತೆಂದು ತೋರುತ್ತದೆ. ವೆಲ್ಸನ ನಂಬಿಕೆ ತೀರ ಹುಸಿಯಲ್ಲವೇನೋ ಎಂದು ಅಂದು ನನಗೆ ಮೊದಲ ಸಲ ಅನ್ನಿಸಿತು.