ಕರೆದವರು ಎತ್ತಲಿಂದ?

ಕಳೆದ ಕಾರ್ತಿಕದ ಒಂದು ಸಂಜೆ ಮಠದ ಬೀದಿಯನ್ನು ದಾಟುತ್ತಿದ್ದಾಗ ವಾಹನವೊಂದರ ಸದ್ದು ನಮಗೆ ಸ್ಪಷ್ಟವಾಗಿಯೇ ಕೇಳಿಸಿತು. ಬಲದಿಂದ ಬರುತ್ತಿದೆಯೆಂದು ಎಡಕ್ಕೆ ಸರಿದೆವು. ಅದು ಬಂದದ್ದು ಎಡದಿಂದಲೇ! ಮೊಮ್ಮಗಳು ಶಲ್ಯ ಹಿಡಿದು ಎಳೆಯದಿದ್ದರೆ ಈ ಬರಹ ನಿಮ್ಮ ಕೈಸೇರುತ್ತಿರಲಿಲ್ಲ.

ನಮ್ಮ ಎಡಗಿವಿ ಮಂದವಾಗಿ ನಾಲ್ಕು ವರುಷಗಳಾದವು. ಬಲಗಿವಿ ನೆಟ್ಟಗಿರುವಾಗ ಶ್ರವಣಯಂತ್ರವೇಕೆಂದು ವೈದ್ಯರ ಮಾತನ್ನು ತಳ್ಳಿಹಾಕಿದ್ದೆವು. (ಯಂತ್ರ ಧರಿಸಿ ಪ್ರವಚನಕ್ಕೆ ಕುಳಿತುಕೊಳ್ಳುವ ಸಂಕೋಚವೂ ಇತ್ತೆಂಬುದನ್ನು ಮುಚ್ಚಿಡಲಾರೆವು.) ಆ ಸಂಜೆಯ ಬಳಿಕ ಕಿವಿಯ ವಿಚಾರವಾಗಿ ದೊರೆತುದನ್ನೆಲ್ಲ ಓದತೊಡಗಿದೆವು.

ಪಕ್ಕದಿಂದ ಬಂದ ಸದ್ದು ಒಂದು ಕಿವಿಯನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವುದರೊಳಗಿನ ಅಂತರ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ನುರಿತ ಕಿವಿಗಳು ಲಕ್ಷದ ಒಂದು ಪಾಲಿನ ಅಂತರವನ್ನೂ ಅರಿಯಬಲ್ಲವು. ನರದ ಒಂದು ಮಿಡಿತವೇ ಅದರ ಸುಮಾರು ನೂರು ಪಟ್ಟು ದೀರ್ಘವಾದುದು! ಗುಟ್ಟು ಇಷ್ಟೆ: ತಗ್ಗಿನ ಸ್ವರಗಳಲ್ಲಿ ನರವು ಪ್ರತಿ ಅಲೆಗೂ ಮಿಡಿಯದಿದ್ದರೂ, ಮಿಡಿದಾಗಲೆಲ್ಲ ಅಲೆಯ ಒಂದು ನಿಯತ ಘಟ್ಟದ ಆಸುಪಾಸಿನಲ್ಲಿಯೇ ಮಿಡಿಯುತ್ತದೆ. ಭಜನೆಯಲ್ಲಿ ದಣಿದವನು ನಡುನಡುವೆ ಒಂದು ಆವರ್ತ ಬಿಟ್ಟರೂ ತಾಳ ಹಾಕಿದಾಗ ಸಮಕ್ಕೇ ಹಾಕುವಂತೆ.

ಎರಡು ಕಿವಿಗಳ ಮಿಡಿತಗಳನ್ನು ಹೋಲಿಸುವವರಾರು? 1948ರಲ್ಲಿ ಲಾಯ್ಡ್ ಜೆಫ್ರೆಸ್ ಎಂಬ ಅಮೆರಿಕದ ವಿದ್ವಾಂಸರು ಒಂದು ಊಹೆ ಮಾಡಿದರು. ಬಲಗಿವಿಗೆ ಮೊದಲು ಮುಟ್ಟಿದ ಸಂಕೇತ ಉದ್ದದ ದಾರಿಯಲ್ಲಿಯೂ, ಎಡಗಿವಿಗೆ ತಡವಾಗಿ ಮುಟ್ಟಿದ್ದು ಗಿಡ್ಡ ದಾರಿಯಲ್ಲಿಯೂ ಸಾಗಿ ಒಂದೇ ಕ್ಷಣ ಸಂಧಿಸುವ ನರಕೋಶವೊಂದಿರುತ್ತದೆ. ಅದು ಇರುವ ತಾಣವೇ ದಿಕ್ಕನ್ನು ಹೇಳುತ್ತದೆ. ಸುಮಾರು ನಲವತ್ತು ವರುಷಗಳ ಬಳಿಕ ಕ್ಯಾಥರೀನ್ ಕಾರ್ ಮತ್ತು ಮಸಾಕಜು ಕೊನಿಶಿ ಇಂಥ ದಾರಿಗಳನ್ನು ಕಣಜಗೂಬೆಯ ಮಿದುಳಿನಲ್ಲಿ ಕಂಡರು. ಆ ಹಕ್ಕಿ ಕಗ್ಗತ್ತಲೆಯಲ್ಲಿ ಸದ್ದಿನಿಂದಲೇ ಇಲಿಯನ್ನು ಹಿಡಿಯುತ್ತದೆ. ನಾವು ಅಪಶಕುನವೆಂದು ಅಟ್ಟಿದ ಗೂಬೆ! ಸ್ತನಿಗಳಲ್ಲಿ ಲೆಕ್ಕ ಬೇರೆಯಿರಬಹುದೆಂಬ ವಾದವೂ ಉಂಟು, ಅದಿನ್ನೂ ತೀರಿಲ್ಲ.

ಮಠದಲ್ಲಿ ಓದುವಾಗ ನಮ್ಮ ಸಂಗೀತದ ಗುರುಗಳು ಅಂಧರಾಗಿದ್ದರು. ತಪ್ಪು ಹಾಡಿದ ಹುಡುಗನತ್ತ ನೆಟ್ಟಗೆ ಬೆರಳು ಚಾಚುತ್ತಿದ್ದರು. ತಪೋಬಲವೆಂದು ನಾವು ನಡುಗುತ್ತಿದ್ದೆವು. ಅವರಿಗಿದ್ದುದು ನಮಗೂ ಇತ್ತು. ಅವರು ದಿನವೂ ದುಡಿಸಿಕೊಂಡರು, ನಾವು ಸಂಕೋಚಕ್ಕೆ ಬಿಟ್ಟುಕೊಟ್ಟೆವು.

ಈಗ ಎಡಗಿವಿಗೆ ಯಂತ್ರ ಬಂದಿದೆ. ಮೊಮ್ಮಗಳು ನಮ್ಮ ಕಣ್ಣು ಮುಚ್ಚಿಸಿ ಪಡಸಾಲೆಯ ಮೂಲೆಮೂಲೆಯಿಂದ “ಅಜ್ಜಾ” ಎಂದು ಕೂಗಿ ಪರೀಕ್ಷಿಸುತ್ತಾಳೆ. ಎಡಬಲ ಬಹುಮಟ್ಟಿಗೆ ತಿಳಿಯುತ್ತಿದೆ. ನೇರ ಮುಂದಿನಿಂದ ಬಂದರೂ ನೇರ ಹಿಂದಿನಿಂದ ಬಂದರೂ ಸದ್ದು ಎರಡು ಕಿವಿಗಳನ್ನು ಒಟ್ಟಿಗೇ ಮುಟ್ಟುವುದರಿಂದ, ಅಲ್ಲಿ ಮಾತ್ರ ದಿನವೂ ಸೋಲುತ್ತಿದ್ದೇವೆ.