ಚೆಲುವಿಗೊಂದು ಅಳತೆಗೋಲು

ಗೋಡೆಗೆ ಪಟವೊಂದನ್ನು ತೂಗುಹಾಕುವುದು ಮೇಲ್ನೋಟಕ್ಕೆ ಬಹು ಸುಲಭವಾದ ಕೆಲಸ. ಆದರೆ ಮನೆಯ ಯಜಮಾನನು ಮೊಳೆ, ಸುತ್ತಿಗೆಗಳನ್ನು ಹಿಡಿದು ಸ್ಟೂಲನ್ನೇರಿದ ಕ್ಷಣದಿಂದ ಮನೆಮಂದಿಯೆಲ್ಲ ಕಲಾವಿಮರ್ಶಕರಾಗಿಬಿಡುತ್ತಾರೆ. ‘ಇನ್ನೂ ಒಂದಿಷ್ಟು ಮೇಲೆ’ ಎನ್ನುತ್ತಾಳೆ ಮಡದಿ. ‘ಎಡಕ್ಕೆ ಅಪ್ಪಾ, ಎಡಕ್ಕೆ!’ ಎನ್ನುತ್ತಾನೆ ಮಗ. ನಟ್ಟನಡುವೆ ಮೊಳೆ ಹೊಡೆಯುವುದು ಯಾರಿಗೂ ಸಮ್ಮತವಿಲ್ಲ. ತೀರ ಅಂಚಿಗೆ ಸರಿದರೂ ಒಪ್ಪಿಗೆಯಿಲ್ಲ. ಈ ಎರಡರ ನಡುವೆ ಎಲ್ಲಿಯೋ ಒಂದು ತಾಣವಿದೆ, ಅಲ್ಲಿ ಮಾತ್ರವೇ ಕಣ್ಣಿಗೆ ನೆಮ್ಮದಿ ಎಂಬ ನಂಬಿಕೆ ಎಲ್ಲರದೂ.

ಆ ತಾಣಕ್ಕೆ ಒಂದು ಅಂಕಿಯನ್ನೇ ಕೊಟ್ಟವರಿದ್ದಾರೆ. ಗೆರೆಯೊಂದನ್ನು ಎರಡು ತುಂಡು ಮಾಡಿದಾಗ, ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಸಂಬಂಧವೇ ದೊಡ್ಡ ತುಂಡಿಗೂ ಚಿಕ್ಕ ತುಂಡಿಗೂ ಇದ್ದರೆ ಅದು ಸುವರ್ಣಾನುಪಾತ. ಲೆಕ್ಕದಲ್ಲಿ ಸುಮಾರು 1.618ಕ್ಕೆ 1. ಚಿತ್ರಕಾರನು 30 ಅಂಗುಲ ಅಗಲದ ಚಿತ್ರದಲ್ಲಿ ಒಂಟಿ ಮರವೊಂದನ್ನು ಅಂಚಿನಿಂದ ಹದಿನೆಂಟೂವರೆ ಅಂಗುಲದ ಬಳಿ ನಿಲ್ಲಿಸಿದರೆ ಈ ನಿಯಮವನ್ನು ಪಾಲಿಸಿದಂತಾಗುತ್ತದೆ.

ಛಂದಸ್ಸನ್ನು ಬಲ್ಲ ಕನ್ನಡಿಗನಿಗೆ ಇದು ದೂರದ ನೆಂಟನೇ. ಲಘು ಗುರುಗಳಿಂದ ಕಟ್ಟಬಹುದಾದ ಮೂರು ಮಾತ್ರೆಯ ಗಣಗಳು 3, ನಾಲ್ಕರವು 5, ಐದರವು 8. ಪ್ರತಿಯೊಂದು ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಗುಜರಾತಿನ ಹೇಮಚಂದ್ರಾಚಾರ್ಯನು ಹನ್ನೆರಡನೆಯ ಶತಮಾನದಲ್ಲಿಯೇ ಇದನ್ನು ಹೇಳಿದ್ದಾನೆ. ಈ ಸರಣಿಯಲ್ಲಿ ಮುಂದೆ ಸಾಗಿ 21ನ್ನು 13ರಿಂದ, 34ನ್ನು 21ರಿಂದ ಭಾಗಿಸುತ್ತ ನಡೆದವನು 1.618ರ ಹೊಸ್ತಿಲಿಗೆ ಬಂದು ನಿಲ್ಲುತ್ತಾನೆ. ಗಣವಿಭಾಗದ ಪಾಠದಲ್ಲಿ ತೂಕಡಿಸಿದವರಿಗೆ, ಪಾಪ, ಈ ಯೋಗವಿಲ್ಲ!

ಸಂಖ್ಯೆಯದೇನೂ ದೋಷವಿಲ್ಲ, ದೋಷವಿರುವುದು ಅದರ ಭಕ್ತರಲ್ಲಿ. 1509ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಚೋಲಿಯ ಗ್ರಂಥವು ಇದನ್ನು ದೈವೀ ಅನುಪಾತವೆಂದು ಕರೆಯಿತು; ಅದರ ಘನಾಕೃತಿಗಳನ್ನು ಬರೆದುಕೊಟ್ಟವನು ಸಾಕ್ಷಾತ್ ಲಿಯೊನಾರ್ಡೊ. ಆದರೆ ಕಟ್ಟಡ ಕಟ್ಟುವವರಿಗೆ ಬುದ್ಧಿ ಹೇಳುವಾಗ ಪಚೋಲಿಯೂ ಸರಳವಾದ ಪೂರ್ಣಸಂಖ್ಯೆಗಳ ಪ್ರಮಾಣಗಳನ್ನೇ ಹೇಳಿದ. 1854ರಲ್ಲಿ ಜರ್ಮನಿಯ ಜೈಸಿಂಗನು ಮನುಷ್ಯದೇಹದಲ್ಲೆಲ್ಲ ಈ ಅನುಪಾತವನ್ನು ಕಂಡಮೇಲೆ ಹಳೆಯ ಕೃತಿಗಳ ಮೇಲೆಲ್ಲ ಕೈವಾರ ಓಡಾಡತೊಡಗಿತು. ಅಥೆನ್ಸಿನ ಪಾರ್ಥೆನಾನಿಗೂ ಇದೇ ಕೀರ್ತಿ. ಆ ದೇಗುಲದ ಪೀಠದ ಉದ್ದಗಲಗಳಿಗಿರುವ ಸಂಬಂಧವಾದರೋ 9ಕ್ಕೆ 4. ಮೊನಾಲಿಸಾ ಚಿತ್ರದ ಹಲಗೆ 77 ಸೆಂಟಿಮೀಟರು ಎತ್ತರ, 53 ಅಗಲ, ಭಾಗಿಸಿದರೆ 1.45. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದನ್ನು ತಾನೇ ಆರಿಸಿಕೊಳ್ಳುವವನಿಗೆ ಸಿಗದ ಅನುಪಾತ ಯಾವುದು?

ಫೆಕ್ನರನು ಕಣ್ಣನ್ನೇ ಸಾಕ್ಷಿಗೆ ಕರೆದ. ಹತ್ತು ಆಯತಗಳನ್ನು ನೂರಾರು ಜನರ ಮುಂದಿಟ್ಟು ಯಾವುದು ಚೆಲುವೆಂದು ಕೇಳಿದ. ನೂರಕ್ಕೆ ಸುಮಾರು 35 ಮಂದಿ ಸುವರ್ಣಾಯತವನ್ನೇ ತೋರಿಸಿದರೆಂದು 1876ರಲ್ಲಿ ಪ್ರಕಟಿಸಿದ. ಭಕ್ತರು ಇದನ್ನು ಕೊಂಡಾಡುತ್ತಾರೆ. ಅದೇ ಫೆಕ್ನರನು ಚಿತ್ರಶಾಲೆಗಳ ಸಾವಿರಾರು ಪಟಗಳನ್ನು ಅಳೆದು, ಅವುಗಳಲ್ಲಿ ಹೆಚ್ಚಿನವು ಸುವರ್ಣಾಯತಕ್ಕಿಂತ ಗಿಡ್ಡವಾಗಿರುವುದನ್ನೂ ಕಂಡನೆಂಬುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ.

ತಿಳಿದೂ ತಿಳಿದೂ ಈ ಅಳತೆಗೆ ಒಲಿದವರ ಮಾತು ಬೇರೆ. ಡಾಲಿಯು 1955ರಲ್ಲಿ ಮುಗಿಸಿದ ಕ್ರಿಸ್ತನ ಕಡೆಯ ಭೋಜನದ ಚಿತ್ರದ ಅಗಲ 267 ಸೆಂಟಿಮೀಟರು, ಎತ್ತರ ಸುಮಾರು 167. ಹಿನ್ನೆಲೆಯಲ್ಲಿ ಐದು ಬದಿಯ ಮುಖಗಳುಳ್ಳ ಘನಾಕೃತಿಯೊಂದು ಮೇಲೆ ಕವಿದು ನಿಂತಿದೆ. ಅದರ ಪ್ರತಿಯೊಂದು ಮುಖದಲ್ಲಿಯೂ ಇದೇ ಅನುಪಾತ ಅಡಗಿದೆ. ಲೆ ಕಾರ್ಬ್ಯೂಸಿಯೆ ಇನ್ನೂ ಮುಂದೆ ಹೋದ. ಮನೆ, ಮೇಜು, ಮೆಟ್ಟಿಲುಗಳಿಗೆಲ್ಲ ಮನುಷ್ಯನ ಮೈಯಿಂದಲೇ ಅಳತೆ ತೆಗೆಯುವ ‘ಮಾಡ್ಯುಲರ್’ ಎಂಬ ಪದ್ಧತಿಯನ್ನು 1948ರಲ್ಲಿ ಪ್ರಕಟಿಸಿದ: ಹೊಕ್ಕುಳಿನ ಎತ್ತರ 113 ಸೆಂಟಿಮೀಟರು, ನೆತ್ತಿ 183, ಎತ್ತಿದ ಕೈಯ ತುದಿ 226. ಎಂಥ ಉದಾತ್ತ ಸಂಕಲ್ಪ! ಆದರೆ ಆ ಪುರುಷನ ಎತ್ತರ ಮೊದಲು ಗೊತ್ತಾಗಿದ್ದುದು 175. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಸ್ಫುರದ್ರೂಪಿ ನಾಯಕರೆಲ್ಲ ಆರಡಿ ಎತ್ತರದವರೆಂದು ಸಹಾಯಕನೊಬ್ಬ ನೆನಪಿಸಿದ ಬಳಿಕ ಅದು 183ಕ್ಕೆ ಬೆಳೆಯಿತು! ಹೆಂಗಸರಿಗೂ ಮಕ್ಕಳಿಗೂ ಆ ಲೆಕ್ಕದಲ್ಲಿ ಸ್ಥಾನ ದೊರೆಯಲಿಲ್ಲ. ಆ ಆರಡಿಯ ಆಳು ಚಂಡೀಗಢದ ಭವನಗಳಿಗೂ ಅಳತೆ ಕೊಟ್ಟ. ಅಲ್ಲಿ ಕಲ್ಲುಮಣ್ಣು ಹೊತ್ತ ಹೆಂಗಸರಲ್ಲಿ ಎಷ್ಟು ಮಂದಿಯ ನೆತ್ತಿ ಅವನ ಭುಜವನ್ನಾದರೂ ದಾಟುತ್ತಿತ್ತೋ!

ಇದನ್ನೆಲ್ಲ ಓದಿಕೊಂಡ ಯಜಮಾನನು ಟೇಪು ಹಿಡಿದು, ಗೋಡೆಯನ್ನು 1.618ರಿಂದ ಭಾಗಿಸಿ, ಸೀಸದಕಡ್ಡಿಯಿಂದ ಗುರುತು ಹಾಕಿದ್ದಾನೆ. ಮಡದಿ ಬಾಗಿಲ ಬಳಿ ನಿಂತು ತಲೆಯನ್ನು ಕೊಂಚ ವಾಲಿಸಿ ನೋಡುತ್ತಾಳೆ. ಗುರುತಿಗಿಂತ ಎರಡು ಬೆರಳು ಮೇಲೆ ಅವಳ ಕೈ ತೋರಿಸುತ್ತದೆ. ಮೊಳೆ ಅಲ್ಲಿಯೇ ಇಳಿಯುತ್ತದೆ. ಸೀಸದಕಡ್ಡಿಯ ಗುರುತು ಪಟದ ಹಿಂದೆ ಮರೆಯಾಗುತ್ತದೆ.