ರಾಯದುರ್ಗದ ಗುಡ್ಡ ಹತ್ತಿ ಬಂದು ಅಕ್ಕನಿಗೆ ಬರೆದ ಕಾಗದ

ಬೊಮ್ಮನಹಾಳ್,
ಕಾರ್ತಿಕ ಮಾಸ

ಪ್ರೀತಿಯ ಅಕ್ಕನಿಗೆ,

ಇಲ್ಲಿ ಅತ್ತೆ, ಮಾವ, ಮಕ್ಕಳು ಎಲ್ಲರೂ ಕ್ಷೇಮ. ಅತ್ತೆ ನಿನ್ನ ಸುದ್ದಿ ತೆಗೆಯದ ದಿನವಿಲ್ಲ. "ಮಣಕಾಲು ನೋವು ಅಂತ ಮನ್ಯಾಗ ಕುಂತ್ರ ಮಣಕಾಲು ಇನ್ನಾ ಬಿಗೀತಾವ, ಹಂಗಂತ ಬರಿ ನಿಮ್ಮಕ್ಕಗ" ಎಂದು ಬೆಳಿಗ್ಗೆಯೇ ಅಪ್ಪಣೆಯಾಗಿದೆ. ಗುಂಪು ಕಟ್ಟಿಕೊಂಡು ಗುಡ್ಡ ಹತ್ತುವುದು ಹುಡುಗರ ಕೆಲಸ, ನಮ್ಮಂಥವರಿಗಲ್ಲ ಎಂದು ನೀನು ಫೋನಿನಲ್ಲಿ ಅಂದೆಯಲ್ಲ, ಅದಕ್ಕೆ ಉತ್ತರವಾಗಿ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ, ಕೂತು ಓದು.

ಮೊದಲು ಊರಿನ ವಿಷಯ. ನೀನು ಬೊಮ್ಮನಹಾಳನ್ನು ನೋಡಿ ಬಹಳ ವರ್ಷಗಳಾದವು. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿ ಸೀಮೆ ದಾಟಿ ಆಂಧ್ರಕ್ಕೆ ಬರುವುದು ಈ ಕಡೆಯಿಂದಲೇ. ಹಾಗಾಗಿ ಕಾಲುವೆಯ ಕೆಳಗೆ ನೆಲ್ಲು ಹಸಿರಾಗಿದೆ. ಅಲ್ಲಿಂದ ಹಗರಿಯ ಕಡೆಗೆ ತಿರುಗಿದರೆ ಬೇರೆಯೇ ಲೋಕ. ಈ ಹಗರಿ ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿಯೇ. ಮೇಲೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ, ಕೆಳಗೆ ಗುಮ್ಮಘಟ್ಟದ ಹತ್ತಿರ ಭೈರವಾನಿತಿಪ್ಪ ಜಲಾಶಯ. ಎರಡೂ ತುಂಬಿ ಮಿಕ್ಕರೆ ಇಲ್ಲಿಗೆ ನೀರು. ಮಿಗದ ವರ್ಷಗಳಲ್ಲಿ ಒಣಗಿದ ಪಾತ್ರದ ಮರಳನ್ನು ಆಷಾಢದ ಗಾಳಿ ಎತ್ತಿ ತಂದು ಹೊಲಗಳ ಮೇಲೆ ಹೊದಿಸುತ್ತದೆ. ಡಿ. ಹೊನ್ನೂರಿನ ಕಡೆ, ಕಣೇಕಲ್ ಕಡೆ ಮರಳಿನ ದಿಬ್ಬಗಳೇ ಎದ್ದಿವೆ. ಒಂದೇ ಮಂಡಲದಲ್ಲಿ ಒಂದು ಕಡೆ ನೆಲ್ಲಿನ ಗದ್ದೆ, ಇನ್ನೊಂದು ಕಡೆ ಮರಳುಗಾಡು. ನಡೆದು ಹೋದಾಗಲೇ ಇದು ಕಾಲಿಗೆ ತಿಳಿಯುವುದು. ಬಸ್ಸಿನ ಕಿಟಕಿಗೆ ತಿಳಿಯುವುದಿಲ್ಲ.

ಬೋರ್ಡುಗಳೆಲ್ಲ ತೆಲುಗಿನವು, ಮನೆಯೊಳಗಿನ ಮಾತು ಕನ್ನಡ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮಾವನ ಅಪ್ಪ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಮನೆ ಬದಲಿಸದೆಯೇ ಅನಂತಪುರ ಜಿಲ್ಲೆಯವರಾದರು. ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳು ಈ ಸೀಮೆಯಲ್ಲಿ ಇವತ್ತಿಗೂ ಇವೆ. ಆ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ನಮ್ಮ ಬಳಗದಲ್ಲಿದ್ದಾಳೆ. ಅವಳ ಮಾತು ಮುಂದೆ ಬರುತ್ತದೆ.

ಬಳಗ ಎಂದೆನಲ್ಲ, ಅದಕ್ಕೆ ಹೆಸರಿಲ್ಲ, ಫೀಜಿಲ್ಲ, ಅಧ್ಯಕ್ಷರಿಲ್ಲ. ತಿಂಗಳಿಗೊಂದು ಭಾನುವಾರ ಬಳ್ಳಾರಿ, ಬೊಮ್ಮನಹಾಳ್, ಕಣೇಕಲ್, ರಾಯದುರ್ಗದ ಕೆಲವರು ಸೇರಿ ಯಾವುದಾದರೂ ಗುಡ್ಡ ಹತ್ತುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು, ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ನರ್ಸ್, ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಇಬ್ಬರು ಹೆಣ್ಣುಮಕ್ಕಳು, ಡಿಗ್ರಿ ಓದುವ ಹುಡುಗರು. ವಾರವಿಡೀ ಮಿಷನ್ ಮುಂದೆ ಬಗ್ಗಿ ಕೂರುವವರಿಗೆ ಆ ಒಂದು ದಿನ ಬೆನ್ನು ನೆಟ್ಟಗಾಗುತ್ತದಂತೆ. ಹೊಲಿಗೆಯವರಲ್ಲೊಬ್ಬರು ಹಾಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು ನೀನು.

ಬಳಗದ ನಿಯಮವೇ ನಿನಗೆ ಮುಖ್ಯವಾಗಿ ಬರೆಯಬೇಕಾದದ್ದು. ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರು ಯಾರೋ ಅವರೇ ಮುಂದೆ. ಅವರನ್ನು ಯಾರೂ ದಾಟುವಂತಿಲ್ಲ. ಗಟ್ಟಿ ಕಾಲಿನ ಹುಡುಗನೊಬ್ಬ ಕೊನೆಯಲ್ಲಿ. ಅವನ ಕೊರಳಲ್ಲಿ ಸೀಟಿ, ಚೀಲದಲ್ಲಿ ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ. ಕೋಟೆಯ ಗುಡ್ಡವಾದರೆ ಒಂದೊಂದು ಬಾಗಿಲು ದಾಟಿದಾಗಲೂ ತಲೆ ಎಣಿಕೆ. ಯಾರಾದರೂ ಕೂತರೆ ಎಲ್ಲರೂ ಕೂರುತ್ತಾರೆ, ಆದರೆ "ಸುಸ್ತಾಯ್ತಾ?" ಎಂದು ಯಾರೂ ಕೇಳುವುದಿಲ್ಲ. ಬದಲಿಗೆ ಮೇಷ್ಟ್ರು ಎದುರಿಗಿರುವ ಬುರುಜನ್ನೋ ಗಿಡವನ್ನೋ ತೋರಿಸಿ ಮಾತು ತೆಗೆಯುತ್ತಾರೆ. ಕೂತವರಿಗೆ ತಮ್ಮಿಂದ ತಡವಾಯಿತೆಂಬ ಸಂಕೋಚವೇ ಬಾರದು. ನಾನು ರಾಯದುರ್ಗದ ಗುಡ್ಡಕ್ಕೆ ಹೋದ ದಿನ ಎಲ್ಲರಿಗೂ ಮುಂದೆ ನಡೆದವರು ಅರವತ್ತು ದಾಟಿದ, ತೂಕದ ಮೈಯವರಾದ ಒಬ್ಬ ಅಜ್ಜಿ. ಅವರ ಹಿಂದೆ ನಾವೆಲ್ಲ. ಮುಂದೆ ಇದ್ದವರಿಗೆ ಓಡುವ ಹಟವಿಲ್ಲ, ಹಿಂದೆ ಇದ್ದವರಿಗೆ ಉಳಿದುಬಿಡುವ ಭಯವಿಲ್ಲ.

ಹೊರಟದ್ದು ಬೆಳಕು ಚೆನ್ನಾಗಿ ಹರಿದ ಮೇಲೆ. ನಸುಕಿನಲ್ಲೇ ಹತ್ತಿದರೆ ತಂಪಲ್ಲವೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ಕರಡಿಯ ಮಾತೆತ್ತಿದರು. ಈ ಸೀಮೆಯ ಬಂಡೆಗುಡ್ಡಗಳು ಕರಡಿಗಳ ಮನೆ. ಇರುಳೆಲ್ಲ ಸೀತಾಫಲ, ಬೋರೆ, ಕಾರೆ ಹಣ್ಣು, ಗೆದ್ದಲು ಹುಡುಕಿ ತಿರುಗಿ, ಬೆಳಗಾಗುವ ಹೊತ್ತಿಗೆ ಬಂಡೆಗಳ ಸಂದಿಗೆ ಮರಳುತ್ತವೆ. ಸೀತಾಫಲ ಮಾಗುವ ಈ ದಿನಗಳಲ್ಲಿ ಅವುಗಳ ದಾರಿಗೆ ನಾವು ಅಡ್ಡ ಹೋಗಬಾರದು. ಗುಂಪಾಗಿ, ಮಾತಾಡುತ್ತ ಹೋದರೆ ಅವು ದೂರದಿಂದಲೇ ಸದ್ದು ತಿಳಿದು ಸರಿಯುತ್ತವೆ. ಒಬ್ಬರೇ ಸದ್ದಿಲ್ಲದೆ ಹೋಗುವುದೇ ಅಪಾಯ.

ರಾಯದುರ್ಗದ ಕೋಟೆ ಪ್ರದೇಶದಲ್ಲಿ ದಶಭುಜ ಗಣಪತಿಗೆ ಕೈಮುಗಿದು ಹತ್ತತೊಡಗಿದೆವು. ಹತ್ತು ತೋಳಿನ ಆ ಏಕಶಿಲೆಯ ಮೂರ್ತಿಯ ಮುಂದೆ ಎಂಥವರೂ ಚಿಕ್ಕವರಾಗಿ ಕಾಣುತ್ತಾರೆ. ಗುಡ್ಡದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 2,700 ಅಡಿ. ಬಯಲೇ ಎತ್ತರದಲ್ಲಿರುವುದರಿಂದ ನಾವು ಹತ್ತಬೇಕಾದ್ದು ಅದಕ್ಕಿಂತ ಬಹಳ ಕಡಿಮೆ, ಹೆದರಬೇಡ. ಕಲ್ಲು ಮಾತ್ರ ಬಹಳ ಹಳೆಯದು. ರಾಮನಗರದ ಕಡೆಯಿಂದ ಹಂಪಿಯ ತನಕ ಬೆನ್ನೆಲುಬಿನಂತೆ ಹಾದುಹೋಗಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿಗೆ ಸೇರಿದ ಬಂಡೆಗಳಿವು, ಸುಮಾರು 250 ಕೋಟಿ ವರ್ಷ ಹಿಂದಿನವು. ಬಿಸಿಲು ಏರಿದಂತೆ ಬಂಡೆ ಕಾಯುತ್ತದೆ. ಅದಕ್ಕೇ ಹನ್ನೊಂದರೊಳಗೆ ಮೇಲೆ ತಲುಪಿ, ನೆರಳಲ್ಲಿ ಕೂತು, ಬಿಸಿಲು ಇಳಿದ ಮೇಲೆ ಕೆಳಗಿಳಿಯುವುದು ಇಲ್ಲಿನ ಪದ್ಧತಿ.

ಸುತ್ತುಸುತ್ತಾಗಿ ಕೋಟೆಗೋಡೆ, ಒಂದಾದ ಮೇಲೊಂದು ಬಾಗಿಲು. ಬಂಡೆಯನ್ನೇ ಗೋಡೆಯಾಗಿ ಬಳಸಿಕೊಂಡು, ಬಿರುಕಿದ್ದಲ್ಲಿ ಮಾತ್ರ ಕಲ್ಲು ಕಟ್ಟಿದ್ದಾರೆ. ಒಂದು ಬಾಗಿಲ ನೆರಳಲ್ಲಿ ಅಜ್ಜಿ ಕೂತರು, ಮೇಷ್ಟ್ರು ಚರಿತ್ರೆ ಹೇಳಿದರು. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರನ್ನು ಅವರು ಬಾಯಿಪಾಠದಂತೆ ಬಲ್ಲರು. ಮೊದಲು ಇಲ್ಲಿ ಬೇಡ ನಾಯಕರಿದ್ದರು. ಅವರನ್ನು ಅಡಗಿಸಲು ವಿಜಯನಗರದ ಅರಸರು ಭೂಪತಿರಾಯನನ್ನು ಕಳಿಸಿದರು. ಅವನ ಹೆಸರಿನಿಂದ ಇದು ಭೂಪತಿರಾಯನ ಕೊಂಡವೆನಿಸಿತ್ತು. ಮುಂದೆ ಕೋನೇಟಿ ನಾಯಕನ ವಂಶ ಬಂತು. ಆದೋನಿಯ ಮುತ್ತಿಗೆಗೆ ಟಿಪ್ಪು ನೆರವು ಕೇಳಿದಾಗ ಇಲ್ಲಿನ ಪಾಳೆಯಗಾರ ವೆಂಕಟಪತಿ ನಾಯಕ ಕೊಡಲಿಲ್ಲ. ದುರ್ಗ ಟಿಪ್ಪುವಿನ ವಶವಾಗಿ, ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. 1800ರಲ್ಲಿ ಈ ಸೀಮೆಯೆಲ್ಲ ದತ್ತ ಮಂಡಲವಾಗಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು, ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ. ನಿನ್ನ ಮೈಸೂರಿನ ಪಕ್ಕದ ಶ್ರೀರಂಗಪಟ್ಟಣಕ್ಕೆ ಈ ಗುಡ್ಡದಿಂದ ಒಂದು ದಾರಿ ಇದ್ದೇ ಇದೆ ನೋಡು, ಅದು ಆ ನಾಯಕ ಸೆರೆಯಾಗಿ ನಡೆದ ದಾರಿ.

ಗುಡ್ಡದಲ್ಲಿ ರಸಸಿದ್ಧರ ನೆಲೆ ಎಂದು ಕರೆಯುವ ಗುಹೆಗಳಿವೆ, ಬಗ್ಗಿ ಹೋಗಬೇಕಾದ ಕಿರುಬಾಗಿಲುಗಳು, ಕಲ್ಲಿನಲ್ಲಿ ಜೈನ ಶಿಲ್ಪಗಳು. ಸಿದ್ಧರು ಇಲ್ಲಿ ತಪಸ್ಸಿಗೆ ಕೂತಿದ್ದರೆಂದು ಜನ ಇಂದಿಗೂ ನಂಬಿ ನಡೆದುಕೊಳ್ಳುತ್ತಾರೆ. ಇನ್ನೂ ಮೇಲೆ ಮಾಧವರಾಯ, ವೇಣುಗೋಪಾಲ, ರಾಮ, ಹೀಗೆ ಗುಡಿಗಳ ಸಾಲು. ಒಂದೇ ಗುಡ್ಡದಲ್ಲಿ ಜಿನರೂ ಸಿದ್ಧರೂ ವೈಷ್ಣವ ದೇವರುಗಳೂ ಇರುವುದನ್ನು ಓದಿ ತಿಳಿದಿದ್ದೆ. ನಡೆಯುತ್ತ ಒಂದರಿಂದ ಇನ್ನೊಂದಕ್ಕೆ ಹೋದಾಗ ಅವರೆಲ್ಲರ ನಡುವೆ ಇರುವುದು ಕೆಲವೇ ಹೆಜ್ಜೆಯ ದೂರ ಎಂಬುದು ಗೊತ್ತಾಯಿತು.

ಮೇಲೆ ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ರಾಯದುರ್ಗದವರು ತಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಪಡುವಣಕ್ಕೆ ಮೊಳಕಾಲ್ಮೂರಿನ ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಗಾಳಿಯಂತ್ರಗಳು. ಬಡಗಣಕ್ಕೆ ಬಳ್ಳಾರಿಯ ಕಪ್ಪುಮಣ್ಣಿನ ಬಯಲು. ಕನ್ನಡ ಶಾಲೆಯ ಆ ಹುಡುಗಿ ಬಯಲಿನ ಕಡೆ ನೋಡುತ್ತ, "ಗಡಿ ಎಲ್ಲೈತೆ ಸರ್, ಇಲ್ಲಿಂದ ಕಾಣ್ತೈತಾ?" ಎಂದಳು. ಮೇಷ್ಟ್ರು ಬೆರಳು ಮಾಡಿ ತೋರಿಸಲು ನೋಡಿದರು. ಹೊಲ, ಗುಡ್ಡ, ಊರು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು ಆಡುವವಳು. ಗುಡ್ಡದ ಮೇಲೆ ಮೂರನ್ನೂ ಒಟ್ಟಿಗೆ ಆಡಿದಳು, ಎಲ್ಲರಿಗೂ ತಿಳಿಯಿತು.

ನೋವಾದ ವಿಷಯವನ್ನೂ ಬರೆಯುತ್ತೇನೆ. ನಿಧಿಯಾಸೆಗೆ ಅಗೆದ ಗುಂಡಿಗಳನ್ನು ಗುಡಿಯೊಂದರಲ್ಲಿ ಕಂಡೆವು. ಪೀಠವನ್ನೇ ಕಿತ್ತು ಹಾಕಿದ್ದಾರೆ. ಬಂಡೆಗಳ ಮೇಲೆ ಬಣ್ಣದಲ್ಲಿ ಹೆಸರುಗಳು, ದೊಣೆಯ ನೀರಿನಲ್ಲಿ ಪ್ಲಾಸ್ಟಿಕ್ ಬಾಟಲಿ. ಬಳಗದ ಹುಡುಗರು ಕೋಲಿನಿಂದ ಬಾಟಲಿಗಳನ್ನು ಎಳೆದು ಗೋಣಿಚೀಲಕ್ಕೆ ತುಂಬಿ ಹೊತ್ತು ಇಳಿದರು. ಕಿತ್ತ ಪೀಠವನ್ನು ಹಾಗೆ ಹೊತ್ತು ಸರಿಮಾಡಲಾಗದಲ್ಲ. ಜನ ಬಾರದ ಕೋಟೆಯಲ್ಲೇ ಕಳ್ಳರಿಗೆ ಧೈರ್ಯ. ಪ್ರತಿ ತಿಂಗಳೂ ಹತ್ತಿಪ್ಪತ್ತು ಜನ ಹತ್ತಿ, ನೋಡಿ, ಕೆಟ್ಟದ್ದು ಕಂಡರೆ ಕೆಳಗೆ ಬಂದು ತಿಳಿಸುವಂತಾದರೆ ಅದೇ ಒಂದು ಕಾವಲು. ಹಬ್ಬಕ್ಕೊಮ್ಮೆ ಜಾತ್ರೆಗೊಮ್ಮೆ ಹತ್ತುವುದು ಸಾಲದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಹೀಗೆ ಗುಂಪು ಕಟ್ಟಿ ನಡೆಯುವುದು ಬೇರೆ ನಾಡುಗಳಲ್ಲೂ ಉಂಟು. ಜರ್ಮನಿಯಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮೇಷ್ಟ್ರು ಮಕ್ಕಳನ್ನು ನಡಿಗೆಗೆ ಕರೆದೊಯ್ಯುತ್ತಿದ್ದರು. 1909ರಲ್ಲಿ ಹಾಗೆ ಹೋದಾಗ ಬಿರುಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ಇರುಳು ಕಳೆದಾಗ ಯೂತ್ ಹಾಸ್ಟೆಲಿನ ಯೋಚನೆ ಅವರಿಗೆ ಹೊಳೆಯಿತು. 1912ರಲ್ಲಿ ಅಂಥ ಮೊದಲ ನೆಲೆ ತೆರೆದದ್ದು ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ. ಇಂಗ್ಲೆಂಡಿನಲ್ಲಿ 1932ರಲ್ಲಿ ಗಿರಣಿಯೂರುಗಳ ಯುವಕರು ಜಮೀನ್ದಾರರ ತಡೆಯನ್ನು ಮೀರಿ ಕಿಂಡರ್ ಸ್ಕೌಟ್ ಗುಡ್ಡ ಹತ್ತಿ, ಕೆಲವರು ಜೈಲಿಗೂ ಹೋದರು. ನಡೆಯುವ ಹಕ್ಕಿಗಾಗಿ ಅಷ್ಟು ಕಷ್ಟಪಟ್ಟರು ಅವರು. ರಾಯದುರ್ಗದ ಗುಡ್ಡ ಹತ್ತಬೇಡಿ ಎಂದು ನಮ್ಮನ್ನು ಯಾರೂ ತಡೆಯಲಿಲ್ಲ. ಹತ್ತುವವರೇ ಕಡಿಮೆ.

ಮುಂದಿನ ಗುಡ್ಡಗಳ ಪಟ್ಟಿ ಮೇಷ್ಟ್ರ ಜೇಬಿನಲ್ಲಿದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ: ನೆತ್ತಿಯ ಗುಡಿಯ ಹತ್ತಿರ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಅದರ ಸಮೀಪವೇ ಬ್ರಹ್ಮಗಿರಿ. ಆಮೇಲೆ ಮಡಕಶಿರದ ಕಡೆ, ಅದೀಗ ಶ್ರೀ ಸತ್ಯಸಾಯಿ ಜಿಲ್ಲೆ, ರೊಳ್ಳದ ಹತ್ತಿರದ ರತ್ನಗಿರಿ ಕೋಟೆ. ಇಳಿದು ಬರುವಾಗ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ನಮ್ಮವರು ಹೆಂಜೇರು ಎನ್ನುವ ಊರು. ಗುಡ್ಡ ಬೇಡ, ಬರೀ ನಡೆಯುತ್ತೇನೆ ಎನ್ನುವವರಿಗೆ ಶ್ರಾವಣದ ಶನಿವಾರವಿದೆ: ಇದೇ ಮಂಡಲದ ನೇಮಕಲ್ಲು, ಡಿ. ಹಿರೇಹಾಳಿನ ಕಡೆಯ ಮುರಡಿ, ಗುಂತಕಲ್ಲಿನ ಹತ್ತಿರದ ಕಸಾಪುರ. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ನಂಬಿರುವ ಈ ಮೂರು ಆಂಜನೇಯರನ್ನು ಒಂದೇ ದಿನ ನೋಡುವುದು ಇಲ್ಲಿನವರ ಹರಕೆ. ಒಂದು ಗುಡಿಗಾದರೂ ನಡೆದೇ ಹೋಗುವವರು ಇದ್ದಾರೆ.

ಈಗ ನಿನ್ನ ವಿಷಯ. ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿಯಲ್ಲಿ ಇಳಿಯಬಹುದು. ಮಾವ ಸ್ಟೇಷನ್ನಿಗೆ ಬರುತ್ತಾರೆ. ಬಳ್ಳಾರಿಯಿಂದ ರಾಯದುರ್ಗಕ್ಕೆ ರೈಲೂ ಇದೆ, ಬಸ್ಸೂ ಇದೆ. ಹಿಡಿತವಿರುವ ಕ್ಯಾನ್ವಾಸ್ ಬೂಟು ತಾ, ಹೊಸದು ಬೇಡ, ಕಾಲಿಗೆ ಒಗ್ಗಿದ್ದೇ ಇರಲಿ. ಎರಡು ಲೀಟರ್ ನೀರು ಹಿಡಿಯುವ ಬಾಟಲಿ, ತಲೆಗೆ ಹತ್ತಿಬಟ್ಟೆ, ಇಳಿಯುವಾಗ ಮಂಡಿಗೆ ಆಸರೆಯಾಗಲು ಒಂದು ಕೋಲು. ಬರುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳು. ದಿನಾ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ವಲ್ಪ ಸ್ವಲ್ಪ ನಡೆದು ಕಾಲು ಸಡಿಲಿಸಿಕೋ. ನೆತ್ತಿಯ ತನಕ ಬರಲಾಗದಿದ್ದರೆ ಮೊದಲ ಬಾಗಿಲ ತನಕ ಬಾ, ಅಲ್ಲೇ ಬುತ್ತಿ ಬಿಚ್ಚೋಣ. ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಬಲಿಯುತ್ತದೆ, ಅದಕ್ಕೆ ಮೊದಲೇ ಬಂದುಬಿಡು. ನೀನು ಬರುವ ಭಾನುವಾರ ಯಾವುದೆಂದು ತಿಳಿಸಿದರೆ ಮೇಷ್ಟ್ರಿಗೆ ಹೇಳಿಡುತ್ತೇನೆ. ಅವತ್ತು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನೀನೇ ನಡೆಯಬೇಕು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ ತಂಗಿ